ಷರಾ

ಏಳನೇ ಜಲಾಗಾರದ ಹಳೆಯ ದಫ್ತರಗಳು
ನನ್ನ ಮೇಜಿಗೆ ಬಂದದ್ದು ಆಲೂಗಡ್ಡೆ ಚೀಲದಲ್ಲಿ.
ತ್ಬಿಲಿಸಿಯ ಗುಡ್ಡದ ನೆತ್ತಿಗೆ ಹೂತಿಟ್ಟ ಕಾಂಕ್ರೀಟಿನ ಹೊಟ್ಟೆ ಅದು,
ಮೇಲೆ ಹುಲ್ಲು, ಸುತ್ತ ಬೇಲಿ, ಒಂದು ಬೀಗ.

ಕೆಲಸವೇನೋ ಸುಲಭ: ಕಾಗದದ ಅಂಕಿ ಪರದೆಗೆ.
ತಾರೀಕು, ಗಂಟೆ, ಮಟ್ಟ, ಒಳಹರಿವು, ಕ್ಲೋರಿನ್,
ಮುಚ್ಚಳದ ಸೀಲು ಸರಿಯಿದೆಯೆ, ಹೌದು ಅಥವಾ ಇಲ್ಲ.
ಅಂಚಿಗೊಂದು ಇಕ್ಕಟ್ಟಾದ ಕಾಲಂ: ಷರಾ.
ಹೊಸ ತಂತ್ರಾಂಶ ಅದಕ್ಕೆ ಕೊಟ್ಟದ್ದು ನಲವತ್ತೇ ಅಕ್ಷರ.
"ಸಾಕು ಬಿಡು," ಅಂದ ಗುರಾಮ್, "ನೀರಿಗ್ಯಾಕೆ ಕಥೆ?"

ಕಾವಲಿನ ತ್ಸಿಯಾಲಾಳ ಬರಹ ಬಲಕ್ಕೆ ವಾಲುತ್ತದೆ,
ತುಂಬಿದ ಬಕೆಟ್ಟು ಹಿಡಿದು ಇಳಿಜಾರು ಹತ್ತುವವರ ಹಾಗೆ.
ಷರಾ: ಗಾಳಿಕೊಳವೆಯ ಬಲೆ ಹರಿದಿದೆ. ನನ್ನ ಹಳೆ ಕಾಲುಚೀಲ ಕಟ್ಟಿದೆ.
ಷರಾ: ತೇಲುಗುಂಡು ಸಿಕ್ಕಿಕೊಂಡಿತ್ತು. ಕೋಲಿನಿಂದ ತಟ್ಟಿದ ಮೇಲೆ ನಿಜ ಹೇಳುತ್ತಿದೆ.
ಷರಾ: ತೊಳೆಯಲು ಖಾಲಿ ಮಾಡಿದೆವು. ತಳದಲ್ಲಿ ಒಂದು ಕನ್ನಡಕ.
ಯಾರೂ ತಮ್ಮದು ಅನ್ನಲಿಲ್ಲ.

ಆಮೇಲೆ ತೊಂಬತ್ಮೂರರ ಡಿಸೆಂಬರ್.
ಕರೆಂಟಿಲ್ಲ. ಪಂಪಿಲ್ಲ. ಒಳಹರಿವು ಸೊನ್ನೆ.
ಮಟ್ಟ ೩.೨೦, ೨.೭೦, ೨.೧೦,
ಒಂದೂವರೆಗೆ ಬಂದು ನಿಂತಿದೆ.
ನಿಲ್ಲಲೇಬೇಕು. ತಳದ ಒಂದೂವರೆ ಮೀಟರು ಬೆಂಕಿಗೆ ಮೀಸಲು,
ಯಾರಿಗೂ ಕೊಡುವ ಹಾಗಿಲ್ಲ; ಕೈಪಿಡಿಯಲ್ಲಿ ಕೆಂಪು ಗೆರೆ.
ಹನ್ನೊಂದು ದಿನ, ದಿನಕ್ಕೆ ನಾಲ್ಕು ಸಲ,
೧.೫೦
೧.೫೦
೧.೫೦
ಷರಾ: ಹಿಮ. ಷರಾ: ಹಿಮ.

ಇಷ್ಟು ಹಳೆಯ ತೊಟ್ಟಿ ಕೂದಲೆಳೆಯಷ್ಟಾದರೂ ಸೋರಬೇಕು.
ಒಂದೇ ಅಂಕಿಯ ಮೇಲೆ ನಲವತ್ನಾಲ್ಕು ಸಲ ನಿಲ್ಲುವುದು
ನೀರಿಗೆ ಬಾರದ ವಿದ್ಯೆ.

ಚೀಲದ ತಳದಲ್ಲಿ ತೆಳ್ಳನೆಯ ಇನ್ನೊಂದು ಪುಸ್ತಕ,
ಗುಡ್ಡದ ಬುಡದ ಹೆರಿಗೆ ಆಸ್ಪತ್ರೆಯ ಮೀಟರಿನದು.
ಅದೇ ಹನ್ನೊಂದು ರಾತ್ರಿ: ಆರು ಘನಮೀಟರು, ಆರು, ಐದೂವರೆ, ಏಳು...
ರೊಟ್ಟಿ ಸುತ್ತಿದ್ದ ಕಾಗದದ ಮೇಲೆ ಕೂಡಿದೆ. ಅರವತ್ತಾರು.
ನಮ್ಮ ತೊಟ್ಟಿಯಲ್ಲಿ ಅದು ಮೂವತ್ತಮೂರು ಸೆಂಟಿಮೀಟರು.

ಹನ್ನೆರಡನೇ ದಿನ ಕರೆಂಟು ಬಂದಿದೆ.
ಪಂಪು ಓಡಿದೆ, ಅರವತ್ತಾರು ಘನಮೀಟರು ಒಳಗೆ ಬಂದಿದೆ,
ಆದರೂ ಮಟ್ಟ ೧.೫೦.
ಅಲ್ಲಿಗೆ ಸುಳ್ಳಿನ ಗುಂಡಿ ತುಂಬಿತು,
ಅಂಕಿ ನಿಜವಾಯಿತು.

ಆದರೆ ಆ ಹನ್ನೊಂದು ದಿನ?
ಮನೆಮನೆಯಲ್ಲೂ ಸೀಮೆಎಣ್ಣೆ ಒಲೆ, ಕಿಟಕಿಗೆ ಕಂಬಳಿ.
ನಿದ್ದೆ ಬರಲಿಲ್ಲ ನನಗೆ.

ಭಾನುವಾರ ಹುಡುಕಿಕೊಂಡು ಹೋದೆ.
ಲಿಫ್ಟಿಗೆ ನಾಣ್ಯ ಹಾಕಿ ಎಂಟನೇ ಮಹಡಿ.
ಎಳೆ ಅಕ್ರೋಟಿನ ಮುರಬ್ಬ ಇಟ್ಟಳು, ಚಹಾ ಇಟ್ಟಳು,
ನಾನು ತೆರೆದ ಪುಟವನ್ನು ಕನ್ನಡಕ ಇಲ್ಲದೆಯೇ ಗುರುತಿಸಿದಳು.

"ಬೆಂಕಿ ಬಿದ್ದಿದ್ದರೆ?" ಅಂದೆ.
"ವಾಲ್ವು ತಿರುಗಿಸಿ, ತೊಟ್ಟಿಯ ಹುಲ್ಲಿನ ಮೇಲೆ ಕೂರುತ್ತಿದ್ದೆ.
ಬೆಳಗಿನವರೆಗೂ. ಊರಿನ ಒಂದೊಂದು ಹೊಗೆಯನ್ನೂ ಎಣಿಸುತ್ತಾ."
ಸ್ವಲ್ಪ ಹೊತ್ತು ಚಮಚ ನೆಕ್ಕಿದಳು.
"ಬಿದ್ದಿದ್ದರೆ ಗೊತ್ತಿಲ್ಲಮ್ಮ. ಬೀಳಲಿಲ್ಲ. ಅಷ್ಟೇ ನನ್ನ ಹತ್ತಿರ ಇರೋದು."

ಬಾಗಿಲವರೆಗೂ ಬಂದವಳು ಕೇಳಿದಳು:
"ಆ ವಾಲ್ವು ಎಡಕ್ಕೆ ಹದಿನಾಲ್ಕು ಸುತ್ತು.
ಒಂಬತ್ತನೆಯದು ಬಲು ಬಿಗಿ. ಗ್ರೀಸು ಹಚ್ಚಿದರಾ ಯಾರಾದರೂ?"

ಸೋಮವಾರ ೧.೫೦ ಎಂದು ನಲವತ್ನಾಲ್ಕು ಸಲ ಒತ್ತಿದೆ.
ಷರಾದ ಮನೆಯಲ್ಲಿ ಗೆರೆ ಮಿನುಗುತ್ತಾ ಕಾಯುತ್ತಿತ್ತು.
ಒಂಬತ್ತನೇ ಸುತ್ತು ಬಿಗಿ. ಗ್ರೀಸು ಬೇಕು.

ಗುರಾಮ್ ಬಗ್ಗಿ ಓದಿದ.
"ನಾಳೆ ಫಿಟ್ಟರನ್ನ ಕಳಿಸ್ತೀನಿ," ಅಂದ.